ಒಂದು ಸಾಲಿಗೆ ಒಬ್ಬಾಕಿ

ಜನವರಿ 5, ಸೋಮವಾರ

ಇಂದಿನಿಂದ ರಸಾಯನಶಾಸ್ತ್ರವೂ ನನ್ನದೇ.

ಹಾಸ್ಟೆಲಿಗೆ ಸಂಜೆ ಹೊತ್ತು ವಿಜ್ಞಾನ ಹೇಳಿಕೊಡಲು ಬರುತ್ತಿದ್ದ ಮಾಸ್ತರಿಗೆ ಕಲಬುರಗಿಯಲ್ಲಿ ಕೆಲಸ ಸಿಕ್ಕಿತು, ಹೋದರು. ವಾರ್ಡನ್ ಉಮಾದೇವಿ ಮೇಡಂ ನನ್ನನ್ನು ಕರೆದು, "ಜ್ಯೋತಿ, ಪರೀಕ್ಷಾಕ್ಕ ಇನ್ನು ಆರು ವಾರ ಅದ. ಈಗ ಹೊಸಬರು ಯಾರೂ ಬರಂಗಿಲ್ಲ. ನೀ ನಿನ್ನ ಇಂಗ್ಲಿಷ್ ಅಷ್ಟ ಹೇಳಿಕೊಡು, ಉಳಿದದ್ದು ದೇವರು ನೋಡ್ಕೊಂತಾನ" ಎಂದರು.

ದೇವರಿಗೆ ಬಿಡುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನನ್ನ ಟ್ರಂಕಿನಲ್ಲಿ ಮೂವತ್ತೊಂದು ಕಿರುಹೊತ್ತಿಗೆಗಳಿವೆ. ಪರಮಾಣುವಿನ ಮೇಲೆಯೇ ಎರಡಿವೆ. ನಾನು ಹೇಳಿಕೊಡುತ್ತೇನೆ ಎಂದೆ. ಮೇಡಂ ಕನ್ನಡಕದ ಮೇಲಿಂದ ನೋಡಿದರು. "ನೀ ಬಿ.ಎ. ಓದಿದಾಕಿ ಅಲ್ಲೇನು?" ಎಂದರು. ಪದವಿ ಬೇರೆ, ಅರಿವು ಬೇರೆ ಎಂದೆ. ಅವರಿಗೆ ಬೇರೆ ದಾರಿ ಇರಲಿಲ್ಲ.

ಪ್ರಥಮ ಪಿಯುಸಿ ವಿಜ್ಞಾನದ ಒಂಬತ್ತು ಹುಡುಗಿಯರು. ಫೇಲಾದರೆ ಹಾಸ್ಟೆಲ್ ಸೀಟು ಹೋಗುತ್ತದೆ. ಸೀಟು ಹೋದರೆ ದೇವದುರ್ಗಕ್ಕೆ ದಿನಾ ಬಂದು ಹೋಗಿ ಓದುವುದು ಇವರ ಹಳ್ಳಿಗಳಿಂದ ಆಗದ ಮಾತು. ಅಲ್ಲಿಗೆ ಓದು ಮುಗಿಯಿತು. ಇದನ್ನು ನಾನು ಒಂಬತ್ತು ಜನರ ಸಮಸ್ಯೆ ಎಂದು ನೋಡುವುದಿಲ್ಲ. ಇದು ಇಡೀ ವ್ಯವಸ್ಥೆಯ ಪ್ರಶ್ನೆ.

ಮೊದಲ ಪಾಠದಲ್ಲೇ ಹೇಳಿದೆ: ಹೀಲಿಯಂ, ನಿಯಾನ್, ಆರ್ಗಾನ್ ಇವಕ್ಕೆ ಶ್ರೇಷ್ಠ ಅನಿಲಗಳು ಎಂದು ಹೆಸರು. ಯಾಕೆ? ಯಾರೊಂದಿಗೂ ಬೆರೆಯುವುದಿಲ್ಲವಂತೆ. ಯಾರೊಂದಿಗೂ ಬೆರೆಯದವನನ್ನು ಶ್ರೇಷ್ಠ ಎಂದು ಕರೆದವರು ಯಾರು? ಇದನ್ನು ಕೇಳುವ ಧೈರ್ಯ ನಮಗೆ ಬೇಕು!

ಉಮಾಶ್ರೀ ಎಂಬ ಮಾನ್ವಿ ಹುಡುಗಿ ಕೈಯೆತ್ತಿ, "ಅಕ್ಕಾ, ಇದು ಪರೀಕ್ಷಾಕ್ಕ ಬರ್ತದೇನ್ರಿ?" ಎಂದಳು.

"ಬದುಕಿಗೆ ಬರುತ್ತದೆ" ಎಂದೆ.

ಅವಳು ಅದನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಒಳ್ಳೆಯ ಆರಂಭ.

ಜನವರಿ 7, ಬುಧವಾರ

ಸಮಸ್ಥಾನಿಗಳು. ಈ ಪದವನ್ನು ಕಟ್ಟಿದವರಿಗೆ ನಮಸ್ಕಾರ. ಧಾತು ಒಂದೇ, ಪ್ರೋಟಾನುಗಳೂ ಅಷ್ಟೇ. ನ್ಯೂಟ್ರಾನುಗಳು ಮಾತ್ರ ಹೆಚ್ಚು ಕಡಿಮೆ, ಹಾಗಾಗಿ ತೂಕ ಬೇರೆ. ಆದರೂ ಆವರ್ತ ಕೋಷ್ಟಕದಲ್ಲಿ ಎಲ್ಲರಿಗೂ ಒಂದೇ ಮನೆ. ತೂಕ ನೋಡಿ ಯಾರನ್ನೂ ಹೊರಗೆ ನಿಲ್ಲಿಸಿಲ್ಲ. ಸಮಾನತೆಯ ಪಾಠ ಇದಕ್ಕಿಂತ ಇನ್ನೇನು ಬೇಕು?

ಕ್ಲೋರಿನ್ನಿಗೆ ಬಂದಾಗ ಸ್ವಲ್ಪ ಎಡವಟ್ಟಾಯಿತು. ಅದರ ಸಮಸ್ಥಾನಿಗಳು ಎರಡು, 35 ಮತ್ತು 37. ಸರಾಸರಿ 36 ಎಂದು ಬೋರ್ಡಿನ ಮೇಲೆ ಬರೆದೆ. ಕಿರುಹೊತ್ತಿಗೆಯಲ್ಲಿ 35.5 ಎಂದಿತ್ತು. ಮುದ್ರಣ ದೋಷ ಎಂದೆ.

"ಅಕ್ಕಾ, ಆ ದೋಷ ನಮ್ಮ ಕಾಲೇಜಿನ ಬುಕ್ಕಿನ್ಯಾಗೂ ಅದರಿ" ಎಂದಳು ಉಮಾಶ್ರೀ. ಎಲ್ಲರೂ ಮುಖ ಬಗ್ಗಿಸಿ ನಕ್ಕರು. ಅವಳು ಅಲ್ಲಿಗೆ ಬಿಡಲಿಲ್ಲ. "ನಮ್ಮಪ್ಪ ರಾಯಚೂರಾಗ ಅಕ್ಕಿ ಮಿಲ್ಲಿನ್ಯಾಗ ಹಮಾಲಿ ಮಾಡ್ತಾನ್ರಿ. ಮೂರು ಚೀಲ ಮೂವತ್ತೈದು ಕಿಲೋದವು, ಒಂದು ಚೀಲ ಮೂವತ್ತೇಳರದು ಅಂತ ತಿಳೀರಿ. ನಾಕೂ ಕೂಡಿಸಿ ನಾಕರಿಂದ ಭಾಗಿಸ್ರಿ."

ಭಾಗಿಸಿದೆ. ಮೂವತ್ತೈದೂವರೆ ಬಂತು. ಪ್ರಕೃತಿಯಲ್ಲಿ ಹಗುರ ಕ್ಲೋರಿನ್ ಸುಮಾರು ಮೂರು ಪಾಲು, ಭಾರದ್ದು ಒಂದು ಪಾಲು. ಎರಡನ್ನೂ ಸಮ ಎಂದು ಹಿಡಿದದ್ದು ನನ್ನ ತಪ್ಪು.

ದುಡಿಯುವ ವರ್ಗದ ಜ್ಞಾನದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಈ ಹುಡುಗಿಯ ಅಪ್ಪನ ಮೇಲೆ ಒಂದು ಲೇಖನ ಬರೆಯಬೇಕು. ಶೀರ್ಷಿಕೆ ಹೊಳೆದಿದೆ: ಬೆವರಿನ ಗಣಿತ.

ಜನವರಿ 9, ಶುಕ್ರವಾರ

ಎಲೆಕ್ಟ್ರಾನುಗಳ ವಿನ್ಯಾಸ. ಕಿರುಹೊತ್ತಿಗೆಯ ಕೊನೆಯ ಪುಟದಲ್ಲಿ ಹೀಲಿಯಮ್ಮಿನ ಚಿತ್ರವಿದೆ: ಒಂದು ಚೌಕ, ಅದರೊಳಗೆ ಎರಡು ಬಾಣ, ಒಂದು ಮೇಲೆ, ಒಂದು ಕೆಳಗೆ. ಅಲ್ಲಿಗೆ ಇಪ್ಪತ್ತನಾಲ್ಕು ಪುಟ ಮುಗಿದು ಪ್ರಕಾಶಕರ ವಿಳಾಸ ಬರುತ್ತದೆ. ಆದರೆ ತತ್ವ ಕೈಗೆ ಸಿಕ್ಕ ಮೇಲೆ ಪುಟಗಳು ಯಾಕೆ?

ಮುಂದಿನದನ್ನು ನಾನೇ ಬೆಳೆಸಿದೆ. p ಕಕ್ಷಕಗಳು ಮೂರು, ಅಂದರೆ ಮೂರು ಚೌಕ. ನೈಟ್ರೋಜನ್ನಿಗೆ ಅಲ್ಲಿ ಮೂರು ಎಲೆಕ್ಟ್ರಾನು. ಮೊದಲ ಚೌಕದಲ್ಲಿ ಜೋಡಿ, ಎರಡನೆಯದರಲ್ಲಿ ಒಂದು, ಮೂರನೆಯದು ಖಾಲಿ. ಯಾಕೆಂದರೆ ಒಂಟಿಯಾಗಿರಲು ಎಲೆಕ್ಟ್ರಾನು ಬಯಸುವುದಿಲ್ಲ. ಮೊದಲು ಜೊತೆ, ಆಮೇಲೆ ಜಾಗ! ಈ ಸಾಲನ್ನು ಮೂರು ಬಾರಿ ಹೇಳಿಸಿದೆ. ಕಿಟಕಿಯ ಗಾಜು ನಡುಗುವಂತೆ ಕೂಗಿದರು.

ಮುಂದೆ ಕೂರುವ ಗೂಗಲ್ ಊರಿನ ದಾನೇಶ್ವರಿ, ಸಾಮಾನ್ಯವಾಗಿ ಬಾಯಿ ಬಿಡದವಳು, ಎದ್ದು ನಿಂತಳು. "ಖಾಲಿ ಮನಿ ಬಿಟ್ಟು ಒಂದ್ರಾಗ ಇಬ್ಬರು ಯಾಕ ಇರ್ತಾರ್ರಿ ಅಕ್ಕಾ?"

"ನಿಮ್ಮ ಮನೆಯಲ್ಲಿ ಎಲ್ಲರೂ ಬೇರೆ ಬೇರೆ ಕೋಣೆಯಲ್ಲಿ ಇರ್ತೀರೇನು?"

"ನಮ್ಮ ಮನ್ಯಾಗ ಇರೋದ ಒಂದು ಖೋಲಿರಿ."

ಹುಡುಗಿಯರು ನಕ್ಕರು. ಅವಳು ಕೂತಳು. ಉತ್ತರ ಅವಳ ಬಾಯಿಂದಲೇ ಬಂತು ಎಂದು ನಾನು ಮುಂದೆ ಸಾಗಿದೆ.

ಜನವರಿ 14, ಬುಧವಾರ

ಸಂಕ್ರಾಂತಿ. ಹುಡುಗಿಯರೆಲ್ಲ ಊರಿಗೆ. ನಾನು ನಮ್ಮೂರು ಮಲ್ಲಟಕ್ಕೆ ಹೋಗಲಿಲ್ಲವೆಂದು ಅವ್ವ ಫೋನಿನಲ್ಲಿ ಬೈದಳು. ಹಬ್ಬಗಳ ಆರ್ಥಿಕ ಮೂಲದ ಬಗ್ಗೆ ಅವಳಿಗೆ ಹೇಳಲು ಶುರು ಮಾಡಿದೆ. ಚಾರ್ಜ್ ಇಲ್ಲವೆಂದು ಇಟ್ಟುಬಿಟ್ಟಳು.

ಜನವರಿ 22, ಗುರುವಾರ

ಕೋಪ ಇಳಿಯುತ್ತಿಲ್ಲ.

ಹಬ್ಬ ಮುಗಿದ ಮೇಲೆ ಕಾಲೇಜಿನಲ್ಲಿ ನಡೆದ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಮಂಗಳವಾರವೇ ತೋರಿಸಿ ವಾಪಸ್ ತೆಗೆದುಕೊಂಡಿದ್ದಾರೆ. ನನಗೆ ಇಂದು ಗೊತ್ತಾಯಿತು, ಅದೂ ಮೇಡಂ ಹೇಳಿದ್ದರಿಂದ. ರಸಾಯನಶಾಸ್ತ್ರದ ಉಪನ್ಯಾಸಕ ಪ್ರಭುರಾಜ ಸರ್ ನಮ್ಮ ಒಂಬತ್ತೂ ಹುಡುಗಿಯರ ಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ "ನಕಲು" ಎಂದು ಬರೆದಿದ್ದಾರೆ. ಮುಂದೆ ಕೂತಿದ್ದ ದಾನೇಶ್ವರಿಯೇ ತೋರಿಸಿದವಳು ಎಂದು ತೀರ್ಮಾನವಾಗಿದೆ. ಅವಳು ಪಾಲಕರನ್ನು ಕರೆತಂದರೆ ಮಾತ್ರ ಹಾಲ್ ಟಿಕೆಟ್ ಅಂತೆ. ಅವಳು ಬುಧವಾರ ಬೆಳಿಗ್ಗೆ ಟ್ರಂಕು ಸಮೇತ ಗೂಗಲ್‌ಗೆ ಹೋಗಿಬಿಟ್ಟಿದ್ದಾಳೆ. ಫೋನ್ ಎತ್ತುತ್ತಿಲ್ಲ.

ಉಳಿದ ಎಂಟು ಜನರನ್ನು ಕೇಳಿದರೆ ಎಲ್ಲರೂ ನೆಲ ನೋಡುತ್ತಾರೆ. ಹೆದರಿಸಿದ್ದಾರೆ, ಅಷ್ಟು ಸ್ಪಷ್ಟ. ಕುರಿ ಕಾಯುವವರ ಮಗಳು, ಹಮಾಲರ ಮಗಳು, ಕೂಲಿಯವರ ಮಗಳು ಸರಿ ಉತ್ತರ ಬರೆದರೆ ಅದು ನಕಲೇ ಆಗಿರಬೇಕು ಎಂಬ ಮನಸ್ಸು ಇದು. ನಾಳೆ ಕಾಲೇಜಿಗೆ ಹೋಗುತ್ತೇನೆ. ಏನು ಹೇಳಬೇಕೆಂದು ಎರಡು ಹಾಳೆ ಬರೆದಿಟ್ಟಿದ್ದೇನೆ. ಮೂರನೆಯದು ನಡೆಯುತ್ತಿದೆ.

ಜನವರಿ 23, ಶುಕ್ರವಾರ

ಇದ್ದದ್ದು ಇದ್ದಂತೆ ಬರೆಯಬೇಕು.

ಪ್ರಭುರಾಜ ಸರ್‌ಗೆ ನಲವತ್ತೈದರ ಸುಮಾರು. ಸಿಬ್ಬಂದಿ ಕೋಣೆಯಲ್ಲಿ ಒಬ್ಬರೇ ಚಹಾ ಕುಡಿಯುತ್ತ ಕೂತಿದ್ದರು. "ಕೂಡ್ರಿ" ಎಂದರು. ಕೂರಲಿಲ್ಲ. ನಿಂತೇ ಮೂರೂ ಹಾಳೆ ಓದಿದೆ. ಅವರು ಕಪ್ಪು ಕೆಳಗಿಟ್ಟು, "ಮುಗೀತೇನ್ರಿ?" ಎಂದರು. ಮುಗಿದಿತ್ತು.

"ಒಂಬತ್ತು ಮಂದಿ ಒಂದ ಸರಿ ಉತ್ತರ ಬರದ್ರ ನಾ ಯಾಕ ಬ್ಯಾಡ ಅನ್ಲಿ? ಒಂಬತ್ತು ಮಂದಿ ಒಂದ ತಪ್ಪು ಬರದಾರ್ರಿ. ಆ ತಪ್ಪಿಗೆ ಕಾರಣಾನೂ ಒಂದ ಬರದಾರ. ಕೇಳ್ರಿ."

ಮೇಲಿನ ಪತ್ರಿಕೆ ತೆಗೆದು ಓದಿದರು. ಎಲೆಕ್ಟ್ರಾನು ಒಂಟಿಯಾಗಿರಲು ಬಯಸುವುದಿಲ್ಲ. ಮೊದಲು ಜೊತೆ, ಆಮೇಲೆ ಜಾಗ. ಎರಡನೆಯದು ತೆಗೆದರು. ಮೊದಲು ಜೊತೆ, ಆಮೇಲೆ ಜಾಗ. ಮೂರನೆಯದು. ಒಬ್ಬಳು ಅದನ್ನು ಇಂಗ್ಲಿಷಿನಲ್ಲಿ ಬರೆದಿದ್ದಳು, ವ್ಯಾಕರಣ ತಪ್ಪಿಲ್ಲದೆ. ಇಂಗ್ಲಿಷ್ ಹೇಳಿಕೊಟ್ಟವಳೂ ನಾನೇ.

"ಇಪ್ಪತ್ತು ವರ್ಷದಾಗ ಇಂಥಾ ಮಾತು ಯಾವ ಪುಸ್ತಕದಾಗೂ ನಾ ಕಂಡಿಲ್ಲ. ಯಾರದ್ರಿ ಇದು?"

"ನಂದು" ಎಂದೆ.

ಆಗ ಕೂತೆ.

ಅವರು ನಗಲಿಲ್ಲ. ಪೆನ್ಸಿಲ್ ತೆಗೆದು ನನ್ನದೇ ಭಾಷಣದ ಹಾಳೆಯ ಹಿಂಬದಿಗೆ ಮೂರು ಚೌಕ ಹಾಕಿದರು. ಎಲೆಕ್ಟ್ರಾನುಗಳೆಲ್ಲ ಋಣ ವಿದ್ಯುದಂಶದವು, ಒಂದನ್ನೊಂದು ದೂರ ತಳ್ಳುತ್ತವೆ. ಆದ್ದರಿಂದ ಸಮಾನ ಶಕ್ತಿಯ ಕಕ್ಷಕಗಳಿದ್ದರೆ ಮೊದಲು ಒಂದೊಂದರಲ್ಲಿ ಒಂದೊಂದು, ಎಲ್ಲವೂ ಒಂದೇ ದಿಕ್ಕಿನ ಬಾಣ. ಜಾಗ ತುಂಬಿದ ಮೇಲೆಯೇ ಜೋಡಿ, ಆಗ ಎರಡನೆಯದರ ಬಾಣ ತಿರುವುಮುರುವು. ಇದು ಹುಂಡ್ ಎಂಬಾತನ ನಿಯಮ. ನೈಟ್ರೋಜನ್ನಿನಲ್ಲಿ ಮೂರೂ ಒಂಟಿ. ನಾಲ್ಕು ನಿಮಿಷವೂ ಹಿಡಿಯಲಿಲ್ಲ ಹೇಳಲು.

"ನಿಮ್ಮ ಪುಸ್ತಕದಾಗ ಇದಿಲ್ಲೇನ್ರಿ?"

"ನನ್ನ ಪುಸ್ತಕ ಇಪ್ಪತ್ತನಾಲ್ಕು ಪುಟದ್ದು ಸರ್."

ಒಂಬತ್ತೂ ಪತ್ರಿಕೆಗಳ ಮೇಲಿನ "ನಕಲು" ಪದವನ್ನು ಅವರು ಒಂದೊಂದಾಗಿ ಹೊಡೆದು ಹಾಕಿದರು. ಆಮೇಲೆ ಹೇಳಿದರು: "ಯಾರು ಹೇಳಿಕೊಟ್ರು ಅಂತ ನಾ ಕೇಳಿದ್ನಿರಿ. ಆ ಗೂಗಲ್ ಹುಡುಗಿ ಎದ್ದು ನಿಂತು, ಯಾರೂ ಇಲ್ರಿ, ನಾನ ತೋರಿಸೀನಿ ಅಂದ್ಲು. ಅದಕ್ಕ ಪಾಲಕರನ್ನ ಕರಕೊಂಡು ಬಾ ಅಂದೆ. ಪ್ರಾಂಶುಪಾಲರಿಗೂ ಬರದು ಕೊಟ್ಟೀನಿ. ಅವರವ್ವ ಒಮ್ಮಿ ಬಂದು ಹೋದ್ರ ಆ ಕಾಗದ ವಾಪಸ್ ತಗೊಂತೀನಿ. ಮೂವತ್ತನೇ ತಾರೀಖಿಗೆ ಹಾಲ್ ಟಿಕೆಟ್ ಮೇಲೆ ಸಹಿ ಆಗಬೇಕು. ಅದಾದ ಮ್ಯಾಲ ನನ್ನ ಕೈಯಾಗ ಇರಂಗಿಲ್ಲ."

ಇನ್ನು ಒಂದು ವಾರ.

ಜನವರಿ 24, ಶನಿವಾರ

ರಾಯಚೂರಿಗೆ ಹೋಗಿ ಪ್ರಥಮ ಪಿಯುಸಿಯ ಪಠ್ಯಪುಸ್ತಕದ ಹಳೆ ಪ್ರತಿ ತಂದೆ. ಸ್ಟೇಷನ್ ರಸ್ತೆಯಲ್ಲಿ ಹಳೆ ಪುಸ್ತಕ ಮಾರುವ ಇಮಾಮಹುಸೇನ ಚಾಚಾ ನನಗೆ ವರ್ಷಗಳ ಪರಿಚಯ. ನನ್ನ ಅರ್ಧ ಟ್ರಂಕು ಅವರ ಅಂಗಡಿಯದೇ. "ಏನಮ್ಮಾ, ಇವತ್ತು ಇಷ್ಟು ದಪ್ಪಂದು? ಸಣ್ಣವು ಖಾಲಿ ಆದ್ವೇನು?" ಎಂದರು.

ವಾಪಸ್ ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಿಂತುಕೊಂಡೇ ಪರಮಾಣು ರಚನೆಯ ಅಧ್ಯಾಯ ಓದಿದೆ. ಅರ್ಧ ಅರ್ಥವಾಯಿತು. ಅರ್ಥವಾಗದ ಕಡೆಯೆಲ್ಲ ಪುಟದ ಮೂಲೆ ಮಡಚಿದೆ. ದೇವದುರ್ಗ ಬರುವಷ್ಟರಲ್ಲಿ ಪುಸ್ತಕ ಉಬ್ಬಿಕೊಂಡಿತ್ತು.

ಜನವರಿ 25, ಭಾನುವಾರ

ಎಂಟು ಹುಡುಗಿಯರನ್ನು ಕೂರಿಸಿ ಹೇಳಿದೆ. ನಾನು ಹೇಳಿಕೊಟ್ಟದ್ದು ತಪ್ಪು, ನೀವು ನಕಲು ಮಾಡಿಲ್ಲ, ಸರ್‌ಗೆ ಹೇಳಿದ್ದೇನೆ.

"ತಪ್ಪು ಅಂತ ನಮಗ ಮಂಗಳವಾರನ ಗೊತ್ತಾತಕ್ಕಾ" ಎಂದಳು ಉಮಾಶ್ರೀ.

"ಮತ್ತೆ ನನಗ್ಯಾಕೆ ಹೇಳಲಿಲ್ಲ? ಬೈತೀನಿ ಅಂತಲೇನು?"

"ಬೈದ್ರ ಏನ್ರಿ, ಬೈಸ್ಕೊಂತೀವಿ. ಭಾಷಣ ಮಾಡ್ತೀರಿ ಅಂತ ಅಂಜಿದ್ವಿ."

ನಾನೇ ಮೊದಲು ನಕ್ಕೆನೋ, ಅವರೋ, ನೆನಪಿಲ್ಲ. ಬೋರ್ಡಿನ ಮೇಲೆ ಮೂರು ಚೌಕ ಬರೆದು ಮೊದಲಿನಿಂದ ಶುರು ಮಾಡಿದೆವು. ಲೇಖನ ಬರೆಯಲು ಹೊರಟಿದ್ದೆನಲ್ಲ, ಆ ಉಮಾಶ್ರೀಯ ಅಪ್ಪನ ಹೆಸರನ್ನು ಇಂದು ಕೇಳಿದೆ: ದುರುಗೇಶ.

ಜನವರಿ 26, ಸೋಮವಾರ

ಧ್ವಜಾರೋಹಣ ಮುಗಿಸಿ, ಕೊಟ್ಟ ಬೂಂದಿಯನ್ನು ಚೀಲದಲ್ಲಿ ಹಾಕಿಕೊಂಡು, ಟಂಟಂ ಆಟೋ ಹಿಡಿದು ಗೂಗಲ್‌ಗೆ ಹೋದೆ. ದಾನೇಶ್ವರಿಯ ಮನೆಗೆ ಬೀಗ. ಅಪ್ಪ ಅಂಬಣ್ಣ ಕುರಿ ಹಿಂಡಿನೊಂದಿಗೆ ಹೊಳೆಯಾಚೆ ಹೋಗಿ ತಿಂಗಳಾಯಿತಂತೆ. ಅವ್ವ ಮಗಳು ಇಬ್ಬರೂ ಮೆಣಸಿನಕಾಯಿ ಬಿಡಿಸಲು ಹೋಗಿದ್ದಾರೆಂದು ಪಕ್ಕದ ಮನೆಯವರು ಹೊಲದ ದಾರಿ ತೋರಿಸಿದರು.

ಹೊಲಕ್ಕೆ ಹೋಗುವಷ್ಟರಲ್ಲೇ ಸೀನು ಶುರು. ಗಿಡದ ತುಂಬ ಕೆಂಪು. ಹನ್ನೆರಡು ಹೆಂಗಸರು ಬಗ್ಗಿ ಬಿಡಿಸುತ್ತಿದ್ದರು. ದಾನೇಶ್ವರಿ ತಲೆಗೆ ಬಟ್ಟೆ ಸುತ್ತಿಕೊಂಡು ನಡುವಿನ ಒಂದು ಸಾಲಿನಲ್ಲಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ನಾನು ನೇರ ಹೋಗಿ ಅವಳ ಪಕ್ಕದಲ್ಲೇ, ಅವಳ ಸಾಲಿನಲ್ಲೇ ಬಗ್ಗಿದೆ. ಎರಡು ಮಾತು ತಗ್ಗಿದ ದನಿಯಲ್ಲಿ ಹೇಳಿ ಮುಗಿಸೋಣ ಎಂದು.

ಬದುವಿನ ಮೇಲಿಂದ ಒಂದು ದನಿ ಸಿಡಿಯಿತು. "ಏ ಹೊಸಬಾಕಿ! ಅಲ್ಲಿ ಖಾಲಿ ಸಾಲು ಅದಾವ, ಆಕಿ ಸಾಲಿನ್ಯಾಗ ಯಾಕ ತುರುಕ್ಕೊಂಡೀಬೇ? ಬಿಡಸಾಕ ಬಂದೀಯೋ, ಮಾತಾಡಾಕ ಬಂದೀಯೋ?"

ಅದು ಬಾಲಮ್ಮ, ಗುಂಪಿನ ಹಿರಿಯಳು. ಅರವತ್ತು ದಾಟಿದೆ, ದನಿಗೆ ಮಾತ್ರ ಇಪ್ಪತ್ತು.

"ಮಾತಾಡಲಿಕ್ಕೆ ಬಂದಿದ್ದೆ ಯವ್ವಾ."

"ಮಾತು ಬಾಯಿಲೆ ಆಡ್ತಾರ, ಕೈ ಖಾಲಿ ಇರ್ತಾವಲ್ಲ? ಹೋಗು, ಆ ಸಾಲು ಹಿಡಿ. ಒಂದು ಸಾಲಿಗೆ ಒಬ್ಬಾಕಿ. ಎಲ್ಲಾ ಸಾಲಿಗೂ ಒಬ್ಬೊಬ್ಬರು ನಿಂತ ಮ್ಯಾಲ ಎರಡನೇಕಿ."

ಹೋದೆ. ನನಗೂ ದಾನೇಶ್ವರಿಗೂ ನಡುವೆ ಮೂರು ಸಾಲು. ಮೆಲ್ಲಗೆ ಹೇಳುವ ಹಾಗಿರಲಿಲ್ಲ. ಕೂಗಿದೆ: "ದಾನೇಶ್ವರೀ, ತಪ್ಪು ನಂದು! ಸರ್‌ಗೆ ಹೇಳಿ ಬಂದೀನಿ!"

ಹನ್ನೆರಡೂ ತಲೆ ಮೇಲೆದ್ದವು. "ಏನ ತಪ್ಪು ಮಾಡೀಯವ್ವಾ?" ಎಂದಳು ಒಬ್ಬಳು. ಅವರೆದುರು ಇಡೀ ಕಥೆ ಹೇಳಬೇಕಾಯಿತು. ಪರಮಾಣುವಿನಿಂದ ಶುರು ಮಾಡಿದೆ. ದಾನೇಶ್ವರಿಯ ಅವ್ವ ಅಯ್ಯಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಮಗಳು ಕಳ್ಳಿ ಎನಿಸಿಕೊಂಡದ್ದು ಅವಳಿಗೂ ಆಗಲೇ ಗೊತ್ತಾದದ್ದು. ದಾನೇಶ್ವರಿ ಮನೆಯಲ್ಲಿ ರಜೆ ಎಂದಿದ್ದಳಂತೆ.

"ಅಲ್ಲಬೇ, ಮಾಡದ್ದು ಮಾಡೀನಿ ಅಂತ ಯಾಕ ಹೇಳಿದಿ?" ಎಂದಳು ಅಯ್ಯಮ್ಮ.

ಅದನ್ನೇ ನಾನೂ ಕೇಳಬೇಕೆಂದಿದ್ದೆ. ನನ್ನ ಮೇಲಿನ ಗೌರವದಿಂದ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ.

"ಇವರ ಹೆಸರು ಹೇಳಿದ್ರ ಇವರನ್ನ ತೆಗೀತಿದ್ರು. ಆಮ್ಯಾಲ ಇಂಗ್ಲಿಷ್ ಯಾರು ಹೇಳಿಕೊಡ್ತಾರ? ಅದೂ ಫೇಲ ಆಗ್ಬೇಕೇನು?" ಎಂದಳು ದಾನೇಶ್ವರಿ, ಕೈ ನಿಲ್ಲಿಸದೆ.

ಅಷ್ಟರಲ್ಲಿ ಕುಡಿಯುವ ನೀರು ತರಲು ಹೋಗಿದ್ದ ಇಬ್ಬರು ಬಂದರು. ಒಂದೇ ಸಾಲು ಖಾಲಿ ಉಳಿದಿತ್ತು, ಒಬ್ಬಳು ಅದನ್ನು ಹಿಡಿದಳು. ಇನ್ನೊಬ್ಬಳಿಗೆ ಬಾಲಮ್ಮ, "ನೀ ಆ ಬದುವಿಗೆ ಹೋಗು. ಅಯ್ಯಮ್ಮನ ಸಾಲು ಅತ್ತಾಗಿಂದ ಹಿಡಿ, ಮಾರಿ ಇತ್ತ ಮಾಡಿ ಬಾ" ಎಂದಳು.

ದಾನೇಶ್ವರಿ ನೆಟ್ಟಗೆ ನಿಂತಳು. ಈ ತುದಿಯಿಂದ ಆ ತುದಿಯವರೆಗೆ ಸಾಲುಗಳನ್ನು ನೋಡಿದಳು. ಒಂದೊಂದರಲ್ಲಿ ಒಬ್ಬೊಬ್ಬರು, ಎಲ್ಲರ ಮುಖ ಒಂದೇ ಕಡೆ. ಒಂದೇ ಒಂದು ಸಾಲಿನಲ್ಲಿ ಇಬ್ಬರು, ಎದುರುಬದುರು.

"ಅಕ್ಕಾ, ಪುಸ್ತಕದಾಗ ಹಿಂಗ ಅದ ಏನ್ರಿ?"

ಆ ನಿಯಮ ಈ ಸಾಲುಗಳಲ್ಲೇ ಇರುವುದನ್ನು ನಾನು ಆಗಲೇ ನೋಡಬೇಕಿತ್ತು. ನೋಡಿರಲಿಲ್ಲ. ಕೆಂಪಾದ ಕೈಯಿಂದಲೇ ಚೀಲದಲ್ಲಿದ್ದ ಪಠ್ಯಪುಸ್ತಕ ತೆಗೆದು ಹುಂಡ್ ನಿಯಮದ ಪುಟ ಹಿಡಿದೆ. ಅವಳು ಮೂರು ಸಾಲು ದಾಟಿ ಬಂದಳು. ಬಾಲಮ್ಮ ಈ ಸಲ ಬೈಯಲಿಲ್ಲ.

"ಹಿಂಗ ಅದ" ಎಂದೆ.

"ಎರಡನೇಕಿ ಆ ಕಡಿಂದ ಯಾಕ ಬರ್ತಾಳ ಯವ್ವಾ?" ಎಂದು ನಾನು ಬಾಲಮ್ಮನನ್ನು ಕೇಳಿದೆ.

"ಇದೇನು ಕೇಳ್ತಿ? ಇಬ್ಬರೂ ಒಂದ ಕಡಿಂದ ಹೋದ್ರ ಒಂದ ಗಿಡಕ್ಕ ನಾಕು ಕೈ. ಗಿಡಾನೂ ಮುರೀತಾವ, ಜಗಳಾನೂ ಹತ್ತತಾವ."

ದಾನೇಶ್ವರಿ ಪುಸ್ತಕ ನೋಡುತ್ತಲೇ ಹೇಳಿದಳು. "ನಾ ಅವತ್ತ ಕೇಳಿದ್ನಿರಿ."

"ಹೌದು, ಕೇಳಿದ್ದಿ. ನಾನು ನಗಿಸಿಬಿಟ್ಟೆ."

ಅದರ ಬಗ್ಗೆ ನಾವು ಆಡಿದ್ದು ಅಷ್ಟೇ.

ಮುಂದಿನದು ಅಯ್ಯಮ್ಮನ ಪ್ರಶ್ನೆ. ಈ ಹೊಲ ಇಷ್ಟು ದಿನದಲ್ಲಿ ಮುಗಿಸುತ್ತೇವೆಂದು ಇಡೀ ಗುಂಪು ಮಾತು ಕೊಟ್ಟಿದೆ. "ನಾ ಕಾಲೇಜಿಗೆ ಬಂದ್ರ ನನ್ನ ಸಾಲು ಯಾರು ಹಿಡೀತಾರ್ರಿ?"

"ಈ ಮಾತಿನ ಮಲ್ಲಿ ಅದಾಳಲ್ಲ" ಎಂದಳು ಬಾಲಮ್ಮ, ನನ್ನ ಕಡೆ ಗದ್ದ ತೋರಿಸಿ. "ಹುಡುಗೀದು ನಾ ಹಿಡೀತೀನಿ."

ಸರ್ ಮುಂದೆ ನಾನು ಇರಬೇಕು, ಮಾತಾಡಬೇಕು ಎಂದು ಬಾಯಿಗೆ ಬಂದಿತ್ತು. ಅಯ್ಯಮ್ಮನನ್ನು ನೋಡಿದೆ. ನನಗಿಂತ ಚೆನ್ನಾಗಿ ಮಾತಾಡುತ್ತಾಳೆ ಅನಿಸಿತು. ಒಪ್ಪಿಕೊಂಡೆ. ನಡೆದದ್ದನ್ನು ಅರ್ಧ ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಟ್ಟೆ. ಇಂದು ಇಲ್ಲೇ ಉಳಿದಿದ್ದೇನೆ. ಬೂಂದಿ ನಾಲ್ಕು ಕೈಗೆ ಹಂಚಿ ಮುಗಿಯಿತು. ಅಯ್ಯಮ್ಮನ ರೊಟ್ಟಿ ಬಲು ತೆಳ್ಳಗೆ.

ಜನವರಿ 27, ಮಂಗಳವಾರ

ಕೈ ಉರಿ. ಕಣ್ಣೂ ಉಜ್ಜಿಕೊಂಡುಬಿಟ್ಟೆ. ಬಾಲಮ್ಮ ಮಜ್ಜಿಗೆಯಲ್ಲಿ ಕೈ ಅದ್ದಿಸಿದ್ದಾಳೆ. ಪೆನ್ನು ಹಿಡಿಯಲು ಆಗುತ್ತಿಲ್ಲ.

ಎರಡು ಸಾಲೂ ಪೂರ್ತಿ ಆಗಲಿಲ್ಲ ನನಗೆ. ಅಯ್ಯಮ್ಮ ದಿನಕ್ಕೆ ಆರು ಮುಗಿಸುತ್ತಾಳಂತೆ.

ಕಾಲೇಜಿಗೆ ಹೋಗಿದ್ದ ಅವ್ವ ಮಗಳು ಐದು ಗಂಟೆಯ ಟಂಟಂಗೆ ಬಂದರು. "ಸರು ಚಾ ಕುಡಿಸಿದ್ರು. ನಿಮ್ಮ ಮಗಳು ಸುಳ್ಳು ಹೇಳ್ಯಾಳ್ರಿ ಅಂದ್ರು. ಹೌದ್ರಿ, ಇನ್ನೊಬ್ಬರ ಸಲುವಾಗಿ ಹೇಳ್ಯಾಳ, ತನ್ನ ಸಲುವಾಗಿ ಹೇಳಿದ್ರ ನಾನ ಹೊಡೀತಿದ್ದೆ ಅಂದೆ." ಇದು ಅಯ್ಯಮ್ಮನ ವರದಿ. ಕಾಗದ ಹರಿದು ಹಾಕಿದರಂತೆ. ಹಾಲ್ ಟಿಕೆಟ್ ದಾನೇಶ್ವರಿಯ ಕೈಯಲ್ಲಿದೆ.

ಫೆಬ್ರುವರಿ 6, ಶುಕ್ರವಾರ

ಬೆಳಿಗ್ಗೆ ಒಂಬತ್ತಕ್ಕೆ ಸರ್ ಹತ್ತಿರ ಅರ್ಧ ಗಂಟೆ ಕಲಿತು, ಸಂಜೆ ಆರಕ್ಕೆ ಹುಡುಗಿಯರಿಗೆ ಹೇಳುವುದು. ಹತ್ತು ದಿನದಿಂದ ಹೀಗೇ ನಡೆದಿದೆ. ಮಡಚಿದ್ದ ಪುಟಗಳ ಮೂಲೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿವೆ.

ಇಂದು ಕ್ರೋಮಿಯಂ. ಲೆಕ್ಕದ ಪ್ರಕಾರ 4s ಕಕ್ಷಕದಲ್ಲಿ ಎರಡು, 3d ಯ ಐದು ಕಕ್ಷಕಗಳಲ್ಲಿ ನಾಲ್ಕು ಎಲೆಕ್ಟ್ರಾನು ಬರಬೇಕು. ಆದರೆ ಇರುವುದು ಒಂದು ಮತ್ತು ಐದು. ಯಾಕೆ ಎಂದು ಉಮಾಶ್ರೀ ಹಟ ಹಿಡಿದಳು. ಪುಸ್ತಕದಲ್ಲಿದ್ದುದನ್ನು ಓದಿ ಹೇಳಿದೆ: ಅರ್ಧ ತುಂಬಿದ ಸ್ಥಿತಿ ಹೆಚ್ಚು ಸ್ಥಿರ. ಅವಳಿಗೆ ಸಾಲಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಸಾಲಲಿಲ್ಲ. ದಾನೇಶ್ವರಿಯನ್ನು ಕೇಳಿದೆ.

ಅವಳು ಖಾಲಿ ಚೌಕದ ಮೇಲೆ ಬೆರಳಿಟ್ಟಳು. "ಐದು ಸಾಲಿನ ಹೊಲದ ಪಟ್ಟಿಯೊಳಗ ಒಂದು ಸಾಲು ಖಾಲಿ ಅದ. ಪಕ್ಕದ ಒಂಟಿ ಸಾಲಿನ್ಯಾಗ ಇಬ್ಬರು ಅದಾರ. ಬಾಲಮ್ಮಾಯಿ ಇದ್ರ ಸುಮ್ಮನಿರ್ತಾಳೇನ್ರಿ? ಒಬ್ಬಾಕಿನ್ನ ಎಬ್ಬಿಸಿ ಇತ್ತಾಗ ಕಳಸ್ತಾಳ. ಎರಡು ಪಟ್ಟಿನೂ ಹತ್ತಿರ ಹತ್ತಿರ ಇದ್ರ ಅಷ್ಟ. ದೂರ ಇದ್ರ ಕಳಸಂಗಿಲ್ಲ, ನಡಿಯೋದ್ರಾಗ ಹೊತ್ತು ಹೋಗ್ತದ."

ಎರಡೂ ಶಕ್ತಿ ಮಟ್ಟಗಳು ಹತ್ತಿರ ಹತ್ತಿರ ಇರುವುದರಿಂದಲೇ ಹೀಗಾಗುತ್ತದೆ ಎಂದು ಪುಸ್ತಕದ ಮುಂದಿನ ಸಾಲಿನಲ್ಲಿತ್ತು. ನಾನು ಅದನ್ನು ಇನ್ನೂ ಓದಿರಲಿಲ್ಲ.

ಫೆಬ್ರುವರಿ 7, ಶನಿವಾರ

ಸರ್‌ಗೆ ಹೇಳಿದೆ. ಖುಷಿಪಟ್ಟರು, ಆಮೇಲೆ ಎಚ್ಚರಿಸಿದರು. "ಉದಾಹರಣಿ ಛಲೋ ಅದರಿ. ಆದ್ರ ಉದಾಹರಣಿ ಬ್ಯಾರೆ, ಕಾರಣ ಬ್ಯಾರೆ. ಎಲೆಕ್ಟ್ರಾನು ಮೆಣಸಿನಕಾಯಿ ಬಿಡಸಂಗಿಲ್ಲ. ಪರೀಕ್ಷಾದಾಗ ಕಾರಣ ಬರೀಲಿಕ್ಕೆ ಹೇಳ್ರಿ."

ಸರಿ ಎನಿಸಿತು. ನಾನು ಜನವರಿಯಲ್ಲಿ ಮಾಡಿದ್ದೂ ಇದೇ ತಾನೆ, ನನಗೆ ಬೇಕಾದ್ದನ್ನು ಎಲೆಕ್ಟ್ರಾನಿನ ಬಾಯಿಂದ ಹೇಳಿಸಿದ್ದು. ಹುಡುಗಿಯರಿಗೆ ಹೇಳಿದೆ. ಎಲ್ಲರೂ ಕಾರಣ ಬರೆದುಕೊಂಡರು: ವಿಕರ್ಷಣೆ, ವಿನಿಮಯ ಶಕ್ತಿ, ಸಮಾನ ಶಕ್ತಿಯ ಕಕ್ಷಕಗಳು.

ಫೆಬ್ರುವರಿ 16, ಸೋಮವಾರ

ಪರೀಕ್ಷೆ. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಮೂರು ಗಂಟೆ ನಿಂತಿದ್ದೆ. ಓದಲು ಏನೂ ಒಯ್ದಿರಲಿಲ್ಲ.

ಉಮಾಶ್ರೀ ಮೊದಲು ಬಂದಳು. "ಕ್ಲೋರಿನ್ ಬಂದಿತ್ತಕ್ಕಾ. ನಮ್ಮಪ್ಪನ ನೆನಸ್ಕೊಂಡು ಬರದೀನಿ." ಉಳಿದವರು ಒಬ್ಬೊಬ್ಬರಾಗಿ. ಆಕ್ಸಿಜನ್ನಿನ ಚಿತ್ರ ಎಲ್ಲರದೂ ಸರಿ, ನಾನು ಬೆರಳಿನಿಂದ ಮಣ್ಣಿನ ಮೇಲೆ ಬರೆಸಿ ನೋಡಿದೆ.

ದಾನೇಶ್ವರಿ ಕೊನೆಗೆ ಬಂದಳು, ಮುಖ ಸಪ್ಪಗೆ. ಕ್ರೋಮಿಯಂ ವಿನ್ಯಾಸಕ್ಕೆ ಕಾರಣ ಕೇಳಿದ್ದರಂತೆ. "ಇಂಗ್ಲಿಷ್ ಪದ ಒಂದೂ ನೆನಪಿಗೆ ಬರ್ಲಿಲ್ರಿ. ಹೊತ್ತು ಆಗಾಕತ್ತಿತ್ತು. ಕನ್ನಡದಾಗ ಸಾಲಿಂದ ಬರದುಬಿಟ್ಟೀನಿ."

ಹಾಸ್ಟೆಲ್ ಊಟಕ್ಕೆ ಇನ್ನೂ ಹೊತ್ತಿತ್ತು. ಇಬ್ಬರೂ ಕಬ್ಬಿನ ಹಾಲು ಕುಡಿದೆವು.

ಮಾರ್ಚ್ 30, ಸೋಮವಾರ

ರಸಾಯನಶಾಸ್ತ್ರದಲ್ಲಿ ಒಂಬತ್ತೂ ಪಾಸು.

ಉಮಾಶ್ರೀ ಗಣಿತದಲ್ಲಿ ಉಳಿದಿದ್ದಾಳೆ. ಮೇ ತಿಂಗಳಲ್ಲಿ ಮತ್ತೆ ಬರೆಯಬೇಕು. ಅಲ್ಲಿಯವರೆಗೆ ಸೀಟು ಹಿಡಿದಿಡುತ್ತೇನೆಂದು ಉಮಾದೇವಿ ಮೇಡಂ ಹೇಳಿದ್ದಾರೆ. "ನಿಮ್ಮ ಹತ್ರ ಗಣಿತದ ಸಣ್ಣ ಪುಸ್ತಕ ಇಲ್ಲಲ್ಲಕ್ಕಾ? ಇಲ್ಲಂದ್ರ ಪಾಸಾಗ್ತೀನಿ ಬಿಡ್ರಿ" ಎಂದಳು ಉಮಾಶ್ರೀ.

ದಾನೇಶ್ವರಿ ಕೂದಲೆಳೆಯಲ್ಲಿ ಪಾಸಾಗಿದ್ದಾಳೆ. ಪ್ರಭುರಾಜ ಸರ್ ಅವಳ ಪತ್ರಿಕೆ ತೋರಿಸಿದರು. ಕ್ರೋಮಿಯಮ್ಮಿನ ಪಕ್ಕದಲ್ಲಿ, ಅವಸರದ ಅಕ್ಷರದಲ್ಲಿ: ಹತ್ತಿರದ ಎರಡು ಪಟ್ಟಿಗಳಲ್ಲಿ ಒಂದು ಸಾಲು ಖಾಲಿ ಬಿಟ್ಟು ಇನ್ನೊಂದರಲ್ಲಿ ಇಬ್ಬರು ನಿಂತರೆ ತಳ್ಳಾಟ ಹೆಚ್ಚು, ಎಲ್ಲ ಸಾಲಿಗೂ ಒಬ್ಬೊಬ್ಬರಿದ್ದರೆ ಕಡಿಮೆ. ಅದರ ಕೆಳಗೆ ಐದು ಚೌಕ, ಐದು ಬಾಣ, ಎಲ್ಲವೂ ಮೇಲ್ಮುಖ; ಪಕ್ಕದ ಚೌಕದಲ್ಲಿ ಒಂದು.

"ಎರಡಕ್ಕ ಒಂದೂವರಿ ಕೊಟ್ಟೀನ್ರಿ" ಎಂದರು. "ತಳ್ಳಾಟ ಅಂತ ಬರದಾಳ, ಅದು ಕಾರಣ. ವಿನಿಮಯ ಶಕ್ತಿ ಮಾತಿಲ್ಲ, ಅದಕ್ಕ ಅರ್ಧ ಹಿಡದೀನಿ."

"ಸರಿ ಅದರಿ" ಎಂದೆ. ದ್ವಿತೀಯ ಪಿಯುಸಿಯಲ್ಲಿ ಮೊದಲು ಯಾವ ಪಾಠ ಎಂದು ಕೇಳಿದೆ.

ಮಧ್ಯಾಹ್ನ ಮೇಡಂ ಮುಂದಿನ ವರ್ಷದ ಪಟ್ಟಿ ಬರೆದರು. ನಾಲ್ಕನೇ ಹೆಸರು ದಾನೇಶ್ವರಿ, ಗೂಗಲ್. ನಾನು ಪಕ್ಕದಲ್ಲಿ ನಿಂತು ಶಾಯಿ ಒಣಗುವವರೆಗೆ ನೋಡಿದೆ. ಆಮೇಲೆ ಅಯ್ಯಮ್ಮನಿಗೆ ಫೋನ್ ಹಚ್ಚಿದೆ. ಹೊಲದಲ್ಲಿದ್ದಳು, ಗಾಳಿ, ಯಾರದೋ ಬೈಗುಳ, ನಗು ಕೇಳುತ್ತಿತ್ತು. ಸೀಟು ಉಳಿಯಿತು ಎಂದೆ. ಅದನ್ನು ಅವಳು ಗಟ್ಟಿಯಾಗಿ ಎಲ್ಲರಿಗೂ ಕೂಗಿ ಹೇಳಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

"ಅಕ್ಕಾರ, ಮುಂದಿನ ವರ್ಷ ನನ್ನ ಮಗಳು ಏನ ಕಲೀತಾಳ್ರಿ?"

"ನನಗ ಗೊತ್ತಿಲ್ಲ ಯವ್ವಾ. ನಾನೂ ಕಲೀಬೇಕು."

"ಹಂಗಾರ ಇಬ್ಬರಿಗೂ ಒಂದ ಪುಸ್ತಕ ಸಾಕಾತು ಬಿಡ್ರಿ" ಎಂದಳು ಅಯ್ಯಮ್ಮ.

ಶನಿವಾರ ರಾಯಚೂರಿಗೆ ಹೋಗಿ ತರಬೇಕು.